ಚಳಿಯ ಬೆಳಗಿನಲ್ಲಿ ತಡವರಿಸುವ ಹಳೆಯ ಕಾರು

ಪ್ರಶ್ನೆ: ಕಾರ್ಬುರೇಟರ್ ಇರುವ ಹಳೆಯ ಮಾರುತಿ 800 ಚಳಿಗಾಲದಲ್ಲಿ ಬೇಗ ಸ್ಟಾರ್ಟ್ ಆಗುವುದಿಲ್ಲ. ಸ್ಪಾರ್ಕ್ ಪ್ಲಗ್ ಬದಲಿಸಿದರೆ ಸಾಕೇ?

ಉತ್ತರ: ಪ್ಲಗ್ ಬಿಚ್ಚುವ ಮೊದಲು, ಕೀಲಿ ತಿರುಗಿಸಿದಾಗ ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದನ್ನು ಗಮನಿಸಬೇಕು. ಅದು ನಿಧಾನವಾಗಿ ತಿರುಗಿದರೆ ದೋಷ ಬಹುಮಟ್ಟಿಗೆ ಬ್ಯಾಟರಿಯಲ್ಲಿ, ಟರ್ಮಿನಲ್‌ಗಳಿಗೆ ಹಿಡಿದ ಕಿಲುಬಿನಲ್ಲಿ ಅಥವಾ ಸ್ಟಾರ್ಟರ್ ಮೋಟಾರಿನಲ್ಲಿರುತ್ತದೆ. ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿಯನ್ನೂ ಪೆಟ್ರೋಲನ್ನೂ ಶಂಕಿಸಬೇಕಾಗುತ್ತದೆ.

ಚಳಿಯಲ್ಲಿ ಪೆಟ್ರೋಲ್ ಸುಲಭವಾಗಿ ಆವಿಯಾಗದ ಕಾರಣ, ಚೋಕ್ ಎಂಬ ಕವಾಟವು ಕಾರ್ಬುರೇಟರಿಗೆ ಹೋಗುವ ಗಾಳಿಯನ್ನು ತಡೆದು ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತದೆ. ಅದರ ಕೇಬಲ್ ಸಡಿಲಗೊಂಡು ಕವಾಟ ಪೂರ್ತಿ ಮುಚ್ಚದಿದ್ದರೆ ಹೊಸ ಪ್ಲಗ್‌ಗಳಿಗೆ ಸುರಿದ ದುಡ್ಡು ದಂಡ.

ಪ್ಲಗ್ಗಿನ ತುದಿಯಲ್ಲಿರುವ ಎಲೆಕ್ಟ್ರೋಡ್‌ಗಳು ಸವೆದಂತೆ ಅವುಗಳ ನಡುವಿನ ಅಂತರ, ಅಂದರೆ ಗ್ಯಾಪ್, ಹೆಚ್ಚುತ್ತದೆ ಮತ್ತು ಅದನ್ನು ದಾಟಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಆದರೆ ಸ್ಟಾರ್ಟರ್ ಭಾರಿ ಕರೆಂಟ್ ಎಳೆಯುವ ಆ ಕ್ಷಣದಲ್ಲೇ ಬ್ಯಾಟರಿಯ ವೋಲ್ಟೇಜ್ ಕುಸಿಯುವುದರಿಂದ ಕಿಡಿ ಬಲಗುಂದುತ್ತದೆ. ಬಿಚ್ಚಿದ ಪ್ಲಗ್ಗಿನ ಬಣ್ಣವೂ ಸುಳಿವು ನೀಡುತ್ತದೆ: ತಿಳಿಗಂದು ಬಣ್ಣ ಆರೋಗ್ಯದ ಲಕ್ಷಣ, ಒಣ ಕಪ್ಪು ಮಸಿ ಪೆಟ್ರೋಲ್ ಹೆಚ್ಚಾದುದರ ಗುರುತು, ಎಣ್ಣೆಯ ಜಿಡ್ಡು ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರುವುದರ ಸೂಚನೆ. ಈ ಕೊನೆಯದಕ್ಕೆ ಪ್ಲಗ್ ಮದ್ದಲ್ಲ.

ಬದಲಿಸುವುದಾದರೆ, ತಣ್ಣಗಿರುವ ಎಂಜಿನ್ನಿನಲ್ಲಿ ಮೂರು ಪ್ಲಗ್‌ಗಳನ್ನು ಒಂದೊಂದಾಗಿ ಬಿಚ್ಚಿದರೆ ವೈರುಗಳು ಅದಲುಬದಲಾಗುವುದಿಲ್ಲ. ಗ್ಯಾಪನ್ನು ಫೀಲರ್ ಗೇಜ್ ಎಂಬ ತೆಳು ತಗಡಿನ ಅಳತೆಪಟ್ಟಿಯಿಂದ ಕೈಪಿಡಿಯಲ್ಲಿರುವಂತೆ ಹೊಂದಿಸಿ, ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡಿನ ಮೆದು ಥ್ರೆಡ್‌ಗಳು ಕೆಡದಂತೆ ಹೊಸ ಪ್ಲಗ್ಗನ್ನು ಮೊದಲು ಬರಿಗೈಯಲ್ಲೇ ತಿರುಗಿಸಿ ಕೂರಿಸಿ, ಅನಂತರವೇ ಸ್ಪ್ಯಾನರ್ ಬಳಸಬೇಕು.