ರೋಮ್ ಯಾತ್ರೆ: ಬಾಡಿಗೆ ಕಾರೇ, ರೈಲು-ಬಸ್ಸೇ?

ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದ ರೋಮ್, ಅಸ್ಸಿಸಿ ಮುಂತಾದ ಪುಣ್ಯಕ್ಷೇತ್ರಗಳಿಗೆ ಹೋಗುವವರಲ್ಲಿ ಕೆಲವರು ಪ್ರವಾಸ ಏಜೆನ್ಸಿಯ ತಂಡವನ್ನು ಸೇರದೆ ಮನೆಯವರೊಂದಿಗೆ ತಾವಾಗಿಯೇ ಹೊರಡುತ್ತಾರೆ. ವಯಸ್ಸಾದ ತಂದೆತಾಯಿಯರು ಜೊತೆಗಿದ್ದರೆ ಮೊದಲು ಏಳುವ ಪ್ರಶ್ನೆ ಇದು: ಇಟಲಿಯಲ್ಲಿ ಕಾರು ಬಾಡಿಗೆಗೆ ಪಡೆಯಬೇಕೇ ಅಥವಾ ರೈಲು-ಬಸ್ಸುಗಳನ್ನೇ ನಂಬಬೇಕೇ?

ಕಾರು ಓಡಿಸುವುದಾದರೆ ನಮ್ಮ ಲೈಸೆನ್ಸ್ ಮಾತ್ರ ಸಾಲದು. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಊರಿನ ಆರ್.ಟಿ.ಒ. ಕಚೇರಿಯಿಂದ ಇದನ್ನು ಹೊರಡುವ ಮುನ್ನವೇ ಪಡೆದುಕೊಳ್ಳಿ. ಇದರ ಅವಧಿ ಗರಿಷ್ಠ ಒಂದು ವರ್ಷ. ಮೂಲ ಲೈಸೆನ್ಸ್ ಕೂಡ ಜೊತೆಗಿರಲಿ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಸ್ಟಿಯರಿಂಗ್ ಎಡಕ್ಕಿರುತ್ತದೆ. ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 130 ಕಿ.ಮೀ., ಮಳೆ ಬಂದರೆ 110 ಕಿ.ಮೀ.

ಹೆಚ್ಚಿನವರು ಎಡವುವುದು ‘ಜೆಡ್.ಟಿ.ಎಲ್.’ ಎಂಬ ನಿರ್ಬಂಧಿತ ವಲಯದಲ್ಲಿ. ರೋಮ್, ಫ್ಲಾರೆನ್ಸ್ ಮುಂತಾದ ಹಳೆಯ ನಗರಗಳ ನಡುಭಾಗಕ್ಕೆ ನಿಗದಿತ ಸಮಯದಲ್ಲಿ ಅನುಮತಿ ಇಲ್ಲದ ವಾಹನ ಹೋಗುವಂತಿಲ್ಲ. ತಡೆಯಲು ಪೊಲೀಸರು ನಿಂತಿರುವುದಿಲ್ಲ. ಕ್ಯಾಮರಾ ನಂಬರ್ ಪ್ಲೇಟಿನ ಚಿತ್ರ ತೆಗೆಯುತ್ತದೆ. ಒಂದೇ ದಿನ ಹಲವು ಬಾರಿ ಒಳಹೊಕ್ಕರೆ ಹಲವು ದಂಡ ಬೀಳಬಹುದು. ನೀವು ಊರಿಗೆ ಮರಳಿ ತಿಂಗಳುಗಳಾದ ಮೇಲೆ ನೋಟೀಸು ಬರುತ್ತದೆ. ಬಾಡಿಗೆ ಕಂಪೆನಿ ನಿಮ್ಮ ಕ್ರೆಡಿಟ್ ಕಾರ್ಡಿನಿಂದ ತನ್ನ ಶುಲ್ಕವನ್ನೂ ಕಡಿತಗೊಳಿಸುತ್ತದೆ. ಹೋಟೆಲ್ ಈ ವಲಯದೊಳಗಿದ್ದರೆ ಕಾರಿನ ನಂಬರ್ ನೋಂದಾಯಿಸಲು ಸಾಧ್ಯವೇ ಎಂದು ಮೊದಲೇ ಕೇಳಿ.

ಇನ್ನು ರೈಲಿನ ವಿಷಯ. ಫ್ಯೂಮಿಚಿನೊ ವಿಮಾನ ನಿಲ್ದಾಣದಿಂದ ರೋಮ್‌ನ ತೆರ್ಮಿನಿ ನಿಲ್ದಾಣಕ್ಕೆ ನೇರ ರೈಲಿನಲ್ಲಿ 32 ನಿಮಿಷ. ಅಲ್ಲಿಂದ ಮೆಟ್ರೊ ‘ಎ’ ಮಾರ್ಗದಲ್ಲಿ ಒತ್ತಾವಿಯಾನೊದಲ್ಲಿ ಇಳಿದು ಸ್ವಲ್ಪ ನಡೆದರೆ ಸಂತ ಪೇತ್ರರ ಮಹಾದೇವಾಲಯ. ಅಸ್ಸಿಸಿಗೂ ರೈಲಿದೆ. ನಿಲ್ದಾಣ ಬೆಟ್ಟದ ಕೆಳಗಿದ್ದು, ಊರಿಗೆ ಬಸ್ಸು ಸಿಗುತ್ತದೆ. ಸಂತ ಫ್ರಾನ್ಸಿಸರ ಪುಟ್ಟ ಪೊರ್ಸಿಯುಂಕೊಲಾ ಗುಡಿಯನ್ನು ಒಳಗೊಂಡ ಮಹಾದೇವಾಲಯಕ್ಕೆ ನಿಲ್ದಾಣದಿಂದ ನಡೆದೇ ಹೋಗಬಹುದು. ಸಂತ ಅಂತೋಣಿಯವರ ಪಾದುವಾ ನಗರಕ್ಕೆ ರೋಮ್‌ನಿಂದ ವೇಗದ ರೈಲುಗಳಿವೆ. ಮುಂಚಿತವಾಗಿ ಕಾಯ್ದಿರಿಸಿದರೆ ದರ ಸಾಮಾನ್ಯವಾಗಿ ಕಡಿಮೆ.

ರೈಲಿನಲ್ಲೂ ಎಚ್ಚರ ಬೇಕು. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಇಲ್ಲವಾದರೆ ದಂಡ. ‘ಶೋಪೆರೊ’ ಎಂದು ಬರೆದಿದ್ದರೆ ಅಂದು ಮುಷ್ಕರ. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಬಸ್ಸುಗಳು ಕಡಿಮೆ. ಜನಜಂಗುಳಿಯಲ್ಲಿ ಜೇಬುಗಳ್ಳರಿದ್ದಾರೆ; ಪಾಸ್‌ಪೋರ್ಟ್ ಭದ್ರವಾಗಿರಲಿ.

ಹಾಗಾದರೆ ಕಾರು ಬೇಡವೇ ಬೇಡವೇ? ಹಾಗೇನಿಲ್ಲ. ಪಾದ್ರೆ ಪಿಯೋ ಅವರ ಸಾನ್ ಜೊವಾನಿ ರೊತೊಂದೊಗೆ ರೈಲು ಹೋಗುವುದಿಲ್ಲ. ಫೊಜಾದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಸಂತ ರೀತಾ ಅವರ ಕಾಶಿಯಾ ಇರುವುದು ಗುಡ್ಡಗಾಡಿನಲ್ಲಿ, ಅಲ್ಲಿಗೂ ರೈಲಿಲ್ಲ. ನಾಲ್ಕೈದು ಮಂದಿಯಿದ್ದು, ನಡೆಯಲಾಗದ ಹಿರಿಯರೂ ಜೊತೆಗಿದ್ದರೆ ಇಂತಹ ಕಡೆ ಕಾರು ಅನುಕೂಲ.

ಆದ್ದರಿಂದ ದೊಡ್ಡ ನಗರಗಳಲ್ಲಿ ರೈಲು, ಮೆಟ್ರೊ, ಬಸ್ಸು. ರೈಲಿಲ್ಲದ ಬೆಟ್ಟದ ಊರುಗಳಿಗೆ ಮಾತ್ರ ಒಂದೆರಡು ದಿನ ಕಾರು. ಕಾರನ್ನು ರೋಮ್‌ನಲ್ಲಿ ಪಡೆಯದೆ ಆಯಾ ಕ್ಷೇತ್ರಕ್ಕೆ ಹತ್ತಿರದ ಪಟ್ಟಣದಲ್ಲಿ ಪಡೆಯುವುದು ಒಳ್ಳೆಯದು. ದಂಡ ಕಟ್ಟುವ ಹಣ ಉಳಿದರೆ ಹಿರಿಯರಿಗೆ ಇನ್ನೊಂದು ಕ್ಷೇತ್ರದ ದರ್ಶನ ಮಾಡಿಸಬಹುದು. ನಿಮ್ಮ ಯಾತ್ರೆ ಸುಖಕರವಾಗಲಿ.