ಕಚೇರಿ ಪತ್ರಗಳ ಪರಿಷ್ಕರಣೆ: ಸಮಯ ಉಳಿಸುವ ಕ್ರಮಗಳು

ಗ್ರಾಮಸಭೆಯ ಸೂಚನಾಪತ್ರ, ಸಾಮಾನ್ಯ ಸಭೆಯ ನಡವಳಿ, ಅನುಪಾಲನಾ ವರದಿ ಮುಂತಾದವುಗಳನ್ನು ಹಿಂದಿನ ಕಡತವನ್ನೇ ತಿದ್ದಿ ಸಿದ್ಧಪಡಿಸುವುದು ಕಚೇರಿಗಳಲ್ಲಿ ರೂಢಿಯಲ್ಲಿದೆ. ಇದರಿಂದ ಶ್ರಮ ಉಳಿಯುತ್ತದೆ. ಆದರೆ ಹಳೆಯ ದಿನಾಂಕವೊಂದು ಕಣ್ತಪ್ಪಿ ಉಳಿದರೆ ಗ್ರಾಮಸ್ಥರು ತಪ್ಪು ದಿನದಂದು ಸಭೆಗೆ ಬರುವಂತಾಗುತ್ತದೆ. ತಿದ್ದುಪಡಿ ಪತ್ರ ಹೊರಡಿಸುವ ಕೆಲಸವೂ ಹೆಚ್ಚುತ್ತದೆ. ವೇಗದೊಂದಿಗೆ ನಿಖರತೆಯನ್ನೂ ಕಾಯ್ದುಕೊಳ್ಳಲು ನೆರವಾಗುವ ಕೆಲವು ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ. ಮೈಕ್ರೋಸಾಫ್ಟ್ ವರ್ಡ್ ಹಾಗೂ ಲಿಬ್ರೆಆಫೀಸ್ ರೈಟರ್ ಎರಡರಲ್ಲಿಯೂ ಇವನ್ನು ಅನುಸರಿಸಬಹುದು.

1. ಮೊದಲು ಪ್ರತಿ, ನಂತರ ತಿದ್ದುಪಡಿ

ಹಳೆಯ ಕಡತವನ್ನು ತೆರೆದೊಡನೆ 'ಸೇವ್ ಆ್ಯಸ್' ಮೂಲಕ ಹೊಸ ಹೆಸರಿನಲ್ಲಿ ಉಳಿಸತಕ್ಕದ್ದು. ಇಲ್ಲವಾದಲ್ಲಿ ಹಿಂದಿನ ದಾಖಲೆಯೇ ಅಳಿಸಿಹೋಗುವ ಸಂಭವವಿದೆ.

2. ಯೂನಿಕೋಡ್ ಪಠ್ಯ

ಹಳೆಯ ಆಸ್ಕಿ ಅಕ್ಷರಶೈಲಿಯ ಕಡತಗಳು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಗಣಕಯಂತ್ರದ ಪಾಲಿಗೆ ಅವು ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳ ಸಾಲುಗಳೇ. ಯೂನಿಕೋಡ್‌ನಲ್ಲಿ ಪದವನ್ನು ಹುಡುಕಿದರೆ ಅಂತಹ ಕಡತದಲ್ಲಿ ಅದು ಸಿಗುವುದಿಲ್ಲ. ಆದ್ದರಿಂದ ಪದೇ ಪದೇ ಬಳಸುವ ಕಡತಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಒಮ್ಮೆ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ, ಅರ್ಕಾವತ್ತು ಹಾಗೂ ಅಂಕಿಗಳನ್ನು ಮೂಲದೊಂದಿಗೆ ತಾಳೆ ನೋಡಿಟ್ಟುಕೊಳ್ಳುವುದು ಸೂಕ್ತ.

3. ಹುಡುಕಿ ಬದಲಾಯಿಸುವ ವಿಧಾನ

ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 'ಹುಡುಕು ಮತ್ತು ಬದಲಾಯಿಸು' ಕಿಟಕಿ ತೆರೆಯುತ್ತದೆ. ಹೆಚ್ಚು ಸಮಯ ಉಳಿಸುವ ಸೌಲಭ್ಯ ಇದೇ. ಹೆಚ್ಚು ಎಚ್ಚರ ಬೇಕಾದದ್ದೂ ಇಲ್ಲಿಯೇ.

ಕನ್ನಡ ಪದಗಳು ವಿಭಕ್ತಿ ಸೇರಿದಾಗ ರೂಪ ಬದಲಿಸುತ್ತವೆ. 'ತಾಲೂಕು' ಎಂಬುದನ್ನು 'ತಾಲ್ಲೂಕು' ಎಂದು ಬದಲಾಯಿಸಿದರೆ 'ತಾಲೂಕಿನ', 'ತಾಲೂಕಿಗೆ' ಎಂಬ ರೂಪಗಳು ಹಾಗೆಯೇ ಉಳಿಯುತ್ತವೆ. 'ತಾಲೂ' ಎಂಬಷ್ಟನ್ನೇ 'ತಾಲ್ಲೂ' ಎಂದು ಬದಲಾಯಿಸಿದರೆ ಎಲ್ಲ ರೂಪಗಳೂ ಒಮ್ಮೆಗೇ ಸರಿಯಾಗುತ್ತವೆ. ಸಂಧಿಯಾದ ಪದಗಳಿಗೂ ಇದೇ ಎಚ್ಚರ ಅಗತ್ಯ: 'ಅಧ್ಯಕ್ಷ' ಎಂದು ಹುಡುಕಿದರೆ 'ಉಪಾಧ್ಯಕ್ಷ' ದೊರೆಯುವುದಿಲ್ಲ.

ವರ್ಷ ಹಾಗೂ ದಿನಾಂಕಗಳಿಗೆ 'ಎಲ್ಲವನ್ನೂ ಬದಲಾಯಿಸು' ಎಂಬ ಆಯ್ಕೆಯನ್ನು ಬಳಸಬಾರದು. 2023ನ್ನು 2024 ಎಂದು ಒಮ್ಮೆಗೇ ಬದಲಾಯಿಸಿದರೆ '2023-24' ಎಂಬುದು '2024-24' ಆಗುತ್ತದೆ. ಉಲ್ಲೇಖದಲ್ಲಿರುವ ಹಳೆಯ ಆದೇಶದ ದಿನಾಂಕವೂ ತಪ್ಪಾಗುತ್ತದೆ. ಇಂತಹ ಕಡೆ ಒಂದೊಂದನ್ನೇ ನೋಡಿ ಬದಲಾಯಿಸತಕ್ಕದ್ದು.

4. ಬೇರೆಡೆಯಿಂದ ತಂದ ಪಠ್ಯ

ಬೇರೆ ಕಡತದಿಂದ ನಕಲು ಮಾಡಿದ ಭಾಗವನ್ನು 'ಪಠ್ಯ ಮಾತ್ರ' ಎಂಬ ಆಯ್ಕೆಯಲ್ಲಿ ಅಂಟಿಸಿದರೆ ಅಕ್ಷರದ ಗಾತ್ರ, ಬಣ್ಣಗಳನ್ನು ಮತ್ತೆ ಸರಿಪಡಿಸುವ ಕೆಲಸ ತಪ್ಪುತ್ತದೆ. ಆದರೆ ಆಸ್ಕಿ ಪಠ್ಯವನ್ನು ಹೀಗೆ ಅಂಟಿಸಿದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅದನ್ನು ಪರಿವರ್ತಿಸಿದ ನಂತರವೇ ಅಂಟಿಸಬೇಕು.

5. ನೆನಪಿಡಬೇಕಾದ ಕೀಲಿಗಳು

• ಕಂಟ್ರೋಲ್ ಮತ್ತು ಬ್ಯಾಕ್‌ಸ್ಪೇಸ್: ಹಿಂದಿನ ಇಡೀ ಪದ ಅಳಿಸಲು
• ಕಂಟ್ರೋಲ್, ಶಿಫ್ಟ್ ಮತ್ತು ಬಾಣದ ಕೀಲಿ: ಪದ ಪದವಾಗಿ ಆಯ್ಕೆ ಮಾಡಲು
• ಕಂಟ್ರೋಲ್ ಮತ್ತು ಎಂಟರ್: ಹೊಸ ಪುಟ ಆರಂಭಿಸಲು
• ಕಂಟ್ರೋಲ್ ಮತ್ತು ಜೆಡ್: ಮಾಡಿದ ಬದಲಾವಣೆಯನ್ನು ಹಿಂಪಡೆಯಲು

6. ಒಂದೇ ಪತ್ರ, ಹಲವು ವಿಳಾಸ

ಎಲ್ಲ ಗ್ರಾಮ ಪಂಚಾಯಿತಿಗಳಿಗೆ ಒಂದೇ ಒಕ್ಕಣೆಯ ಪತ್ರ ಕಳುಹಿಸುವಾಗ 'ಮೇಲ್ ಮರ್ಜ್' ಸೌಲಭ್ಯ ಬಳಸಬಹುದು. ಪಂಚಾಯಿತಿಯ ಹೆಸರು, ಸಭೆಯ ದಿನಾಂಕ, ಸ್ಥಳಗಳನ್ನು ಎಕ್ಸೆಲ್ ಪಟ್ಟಿಯಲ್ಲಿ ನಮೂದಿಸಿದರೆ ಪ್ರತಿಯೊಂದು ಪತ್ರವೂ ತಾನಾಗಿ ಸಿದ್ಧವಾಗುತ್ತದೆ. ಪಟ್ಟಿಯಲ್ಲಿನ ಒಂದು ತಪ್ಪು ಪತ್ರದಲ್ಲಿಯೂ ಹಾಗೆಯೇ ಮೂಡುವುದರಿಂದ ಪಟ್ಟಿಯನ್ನು ಮುಂಚಿತವಾಗಿ ಪರಿಶೀಲಿಸತಕ್ಕದ್ದು.

ಸಹಿಗೆ ಸಲ್ಲಿಸುವ ಮುನ್ನ ಪತ್ರ ಸಂಖ್ಯೆ, ದಿನಾಂಕ, ಸ್ಥಳ, ಮೊಬಲಗು ಈ ನಾಲ್ಕನ್ನು ಮೂಲ ಟಿಪ್ಪಣಿಯೊಂದಿಗೆ ಹೋಲಿಸಿ ಓದುವುದು ಅತ್ಯಗತ್ಯ. ಮೇಲಿನ ಕ್ರಮಗಳಿಂದ ಉಳಿಯುವ ಸಮಯದಲ್ಲಿ ಕೆಲವು ನಿಮಿಷಗಳನ್ನು ಈ ಕೊನೆಯ ಓದಿಗೆ ಮೀಸಲಿಟ್ಟರೆ ಕಚೇರಿಯ ಪತ್ರವನ್ನು ನಂಬಿ ಬರುವ ಜನರಿಗೆ ತೊಂದರೆಯಾಗದು.