ಕಂದಾಯದ ಕಾಸು, ಊರಿನ ಓದುಮನೆ

ಗ್ರಾಮ ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದರೆ ರಸೀದಿ ಕೊಡುತ್ತಾರೆ. ತೆರಿಗೆಯ ಜೊತೆಗೆ ಅದರಲ್ಲಿ ನಾಲ್ಕು ಕರಗಳೂ ಇರುತ್ತವೆ. ನೂರು ರೂಪಾಯಿ ತೆರಿಗೆಗೆ ಆರೋಗ್ಯ ಕರ 15 ರೂಪಾಯಿ, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಒಟ್ಟು ಎಷ್ಟಾಯಿತೆಂದು ನೋಡಿ ದುಡ್ಡು ಎಣಿಸಿಕೊಟ್ಟು, ರಸೀದಿ ಮಡಚಿ ಜೇಬಿಗೆ ಹಾಕಿಕೊಂಡು ಬರುವುದು ರೂಢಿ. ಆ 6 ರೂಪಾಯಿಯ ಸಾಲನ್ನು ಒಮ್ಮೆ ನಿಂತು ಓದಿ ಎಂದು ಹೇಳುವುದಕ್ಕಾಗಿಯೇ ಈ ಬರಹ. ಆ ಹಣದಲ್ಲಿ ನಡೆಯುವ ಜಾಗ ಕಳೆದ ಕೆಲವು ವರ್ಷಗಳಲ್ಲಿ ತುಂಬಾ ಬದಲಾಗಿದೆ. ಬದಲಾಗಿರುವುದು ಗೊತ್ತಿಲ್ಲದವರೇ ಹೆಚ್ಚು.

ಹೊಸಪೇಟೆಯಿಂದ ಅನಂತಶಯನಗುಡಿ ದಾಟಿ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರ ಸಿಗುತ್ತದೆ. ಊರಿನ ಬಳಿ ಇರುವ ಹಳೆಯ ಗೋರಿಗಳನ್ನು ನೋಡಲು ಇತಿಹಾಸದ ಹುಚ್ಚಿನವರು ಇಳಿಯುತ್ತಾರೆ. ಉಳಿದ ಪ್ರವಾಸಿಗರ ಗಾಡಿಗಳು ವಿರೂಪಾಕ್ಷನ ಗುಡಿಯ ಕಡೆಗೆ ಹಾಗೇ ಮುಂದೆ ಹೋಗುತ್ತವೆ. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರಲ್ಲಿ ತೆರವು ಮಾಡಿಸಿದಾಗ ಅವರಿಗೆ ಜಾಗ ತೋರಿಸಿದ್ದು ಈ ಕಡ್ಡಿರಾಂಪುರದಲ್ಲಿಯೇ. ಗುಡಿಯ ಮುಂದಿನ ಬೀದಿಯಲ್ಲಿ ಬೆಳೆದ ಮಕ್ಕಳಿಗೆ ಕಟ್ಟೆ, ಮಂಟಪ, ಹೊಳೆದಂಡೆ ಎಲ್ಲವೂ ಅಂಗಳವಾಗಿತ್ತು. ಹೊಸ ಜಾಗದಲ್ಲಿ ಸೈಟು ಸಿಕ್ಕೀತು, ಗೋಡೆ ಎದ್ದೀತು. ಎಲ್ಲರೂ ಬಂದು ಕೂರುವ ಒಂದು ಜಾಗ ತಾನಾಗಿ ಹುಟ್ಟುವುದಿಲ್ಲ. ಇಂಥ ಊರಿಗೆ ಗ್ರಂಥಾಲಯ ಬೇಕು ಎನ್ನುವಾಗ ನನ್ನ ಮನಸ್ಸಿನಲ್ಲಿ ಪುಸ್ತಕದಷ್ಟೇ ದೊಡ್ಡದಾಗಿ ಇರುವುದು ಆ ಜಾಗವೂ ಹೌದು. ಅಲ್ಲಿ ಏನನ್ನೂ ಕೊಳ್ಳದೆ, ಯಾರ ಮನೆಯವರೆಂದು ಹೇಳಿಕೊಳ್ಳದೆ ಒಬ್ಬ ಹುಡುಗಿ ಎರಡು ತಾಸು ಕೂರಬಹುದು.

ಹಳ್ಳಿಯ ಗ್ರಂಥಾಲಯವೆಂದರೆ ನಮ್ಮ ತಲೆಮಾರಿನ ನೆನಪಿನಲ್ಲಿ ಇರುವುದು ಒಂದು ಕೋಣೆ, ಬೀಗ ಹಾಕಿದ ಬೀರು, ನಾಲ್ಕು ಕುರ್ಚಿ, ಮೇಜಿನ ಮೇಲೆ ಅಂದಿನ ಪೇಪರ್. ಹಿರಿಯರು ಬೆಳಿಗ್ಗೆ ಬಂದು ಮಳೆ, ಡ್ಯಾಮಿನ ನೀರು, ರಾಜಕೀಯ ಓದಿ ಎದ್ದು ಹೋಗುತ್ತಿದ್ದರು. ಹೆಂಗಸರು ಒಳಗೆ ಕಾಲಿಡುತ್ತಿದ್ದುದು ಅಪರೂಪ. ಮಕ್ಕಳು ಬಂದರೆ ಗಲಾಟೆ ಮಾಡಬೇಡಿ ಎಂಬ ಗದರಿಕೆ. ಆ ಗ್ರಂಥಾಲಯಗಳು ಆಗ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. 2019ರಲ್ಲಿ ಅವನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಲಾಯಿತು. ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳು ಹೀಗೆ ತಮ್ಮ ಊರಿನ ಪಂಚಾಯಿತಿಯ ಆಡಳಿತಕ್ಕೆ ಬಂದವು. ಈಗ ಅವುಗಳ ಹೆಸರು ಅರಿವು ಕೇಂದ್ರ. ಹೊಸಪೇಟೆ, ಕಂಪ್ಲಿ, ಸಂಡೂರು, ಕಮಲಾಪುರದಂಥ ಪಟ್ಟಣಗಳ ಗ್ರಂಥಾಲಯಗಳು ಮಾತ್ರ ಹಳೆಯ ಇಲಾಖೆಯಲ್ಲಿಯೇ ಉಳಿದಿವೆ. ಕೆಲಸಕ್ಕೆ ಪೇಟೆಗೆ ಹೋಗಿ ಬರುವವರು ಎರಡನ್ನೂ ಬಳಸಬಹುದು.

ಬದಲಾವಣೆಗೆ ಕಾಲವೂ ಒತ್ತಾಯ ಮಾಡಿತು. ಕೊರೊನಾ ಬಂದು ಶಾಲೆಗಳ ಬಾಗಿಲು ಮುಚ್ಚಿದಾಗ ಹಳ್ಳಿಯ ಮಕ್ಕಳ ಕೈಯಲ್ಲಿ ಪುಸ್ತಕವೂ ಇರಲಿಲ್ಲ, ಪಾಠ ಕೇಳಲು ಮೊಬೈಲೂ ಇರಲಿಲ್ಲ. 2020ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ, ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ. ಲಕ್ಷಗಟ್ಟಲೆ ಮಕ್ಕಳು ಹೆಸರು ಬರೆಸಿದರು. ಕೂಲಿಗೆ ಹೋಗುವ ತಾಯಿಗೆ ಮಗುವಿನ ಹೆಸರಿನಲ್ಲಿ ಠೇವಣಿ ಕಟ್ಟು ಎನ್ನುವುದೂ, ಏನೂ ಕಟ್ಟಬೇಡ, ಮಗುವನ್ನು ಕಳಿಸು ಎನ್ನುವುದೂ ಬೇರೆ ಬೇರೆ ಮಾತು. ಠೇವಣಿ ಹತ್ತಿಪ್ಪತ್ತು ರೂಪಾಯಿಯದೇ ಇದ್ದರೂ ಅದನ್ನು ಕೇಳುವ ಮೇಜಿನ ಮುಂದೆ ನಿಲ್ಲಲು ಹಿಂಜರಿಯುವ ಮನೆಗಳು ನಮ್ಮಲ್ಲಿ ಬಹಳ. ಸರ್ಕಾರದ ಆದೇಶಗಳಲ್ಲಿ ಇಷ್ಟು ನೇರವಾಗಿ ಮನೆ ಬಾಗಿಲಿಗೆ ತಲುಪಿದ್ದು ಕಡಿಮೆ ಎಂದೇ ನನ್ನ ಅಭಿಪ್ರಾಯ.

ಆಮೇಲೆ ಒಂದೊಂದಾಗಿ ಸೇರುತ್ತಾ ಹೋದವು. ಗಟ್ಟಿ ಓದು, ಕಥೆ ಹೇಳುವುದು, ಚಿತ್ರ ಬಿಡಿಸುವುದು, ರಸಪ್ರಶ್ನೆ, ಚದುರಂಗ, ಕೇರಂ, ಬೇಸಿಗೆ ಶಿಬಿರ. ಸಂವಿಧಾನದ ಪೀಠಿಕೆಯನ್ನು ಒಟ್ಟಿಗೆ ನಿಂತು ಓದುವುದು. ಊರವರು ಓದಿ ಮುಗಿಸಿದ ಪುಸ್ತಕಗಳನ್ನು ಕೇಳಿ ತರುವ ‘ಪುಸ್ತಕ ಜೋಳಿಗೆ’. ಶಿಕ್ಷಣ ಫೌಂಡೇಶನ್ನಿನಂಥ ಸಂಸ್ಥೆಗಳ ನೆರವಿನ ‘ಗ್ರಾಮ ಡಿಜಿ ವಿಕಸನ’ದಲ್ಲಿ ಅನೇಕ ಕೇಂದ್ರಗಳಿಗೆ ಕಂಪ್ಯೂಟರ್, ಸ್ಮಾರ್ಟ್ ಟಿ.ವಿ., ಮೊಬೈಲ್ ಬಂದವು. ಎಲ್ಲ ಊರಿನಲ್ಲೂ ಎಲ್ಲವೂ ಒಂದೇ ಹದದಲ್ಲಿ ನಡೆಯುತ್ತದೆ ಎನ್ನಲಾಗದು. ಗೋಡೆಗೆ ಚಂದದ ಬಣ್ಣ ಬಳಿದು ಬೀರುವಿನ ಬೀಗ ಮಾತ್ರ ತೆಗೆಯದ ಕೇಂದ್ರವನ್ನೂ ನೋಡಿದ್ದೇನೆ, ಸುಣ್ಣ ಉದುರುವ ಕೋಣೆಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಚಾಪೆ ಸಾಲದ ಕೇಂದ್ರವನ್ನೂ ನೋಡಿದ್ದೇನೆ.

ಈ ಎರಡರ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಗ್ರಂಥಾಲಯದ ಮೇಲ್ವಿಚಾರಕರು. ಅವರು ಸಾಮಾನ್ಯವಾಗಿ ಅದೇ ಊರಿನವರು, ಇಲ್ಲವೇ ಪಕ್ಕದ ಊರಿನವರು. ಮಕ್ಕಳ ಬಾಯಲ್ಲಿ ‘ಸರ್’, ‘ಮೇಡಂ’, ಎಷ್ಟೋ ಕಡೆ ‘ಅಕ್ಕಾ’. ವರ್ಷಾನುಗಟ್ಟಲೆ ಅತಿ ಕಡಿಮೆ ಗೌರವಧನಕ್ಕೆ ದುಡಿದವರು ಇವರು. ಕನಿಷ್ಠ ವೇತನಕ್ಕಾಗಿ ಹಲವು ಬಾರಿ ಬೀದಿಗಿಳಿಯಬೇಕಾಯಿತು. ಪುಸ್ತಕ ಕೊಟ್ಟು ತೆಗೆದುಕೊಳ್ಳುವುದರ ಜೊತೆಗೆ ಈಗ ಕಥೆ ಹೇಳಬೇಕು, ಶಿಬಿರ ನಡೆಸಬೇಕು, ಕಂಪ್ಯೂಟರ್ ತೆರೆದು ತೋರಿಸಬೇಕು. ಯಾವ ಮನೆಯ ಹುಡುಗ ಶಾಲೆ ಬಿಟ್ಟಿದ್ದಾನೆ, ಯಾವ ಹುಡುಗಿಗೆ ಕಥೆ ಪುಸ್ತಕ ಸಾಲುತ್ತಿಲ್ಲ, ಯಾರು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಕಟ್ಟಿದ್ದಾರೆ ಎಂಬುದು ಇಲಾಖೆಯ ಯಾವ ಕಡತದಲ್ಲೂ ಇರುವುದಿಲ್ಲ, ಇವರಿಗೆ ಗೊತ್ತಿರುತ್ತದೆ. ಕೇಂದ್ರ ಚೆನ್ನಾಗಿ ನಡೆಯಬೇಕೆಂದರೆ ಮೊದಲು ಈ ಹುದ್ದೆಗೆ ಮರ್ಯಾದೆಯ ಸಂಬಳ ತಪ್ಪದೆ ಸಿಗಬೇಕು. ಬಣ್ಣ, ಟಿ.ವಿ. ಆಮೇಲೆ.

ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗೆ ಎಂಬುದು ಮೊದಲನೆಯದು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಹೊತ್ತು ಉಳಿಯಬೇಕು, ಗ್ರಂಥಾಲಯ ಬೆಳೆಯುತ್ತಲೇ ಇರಬೇಕು. ಗಣಿತದ ಮೇಷ್ಟರಾಗಿದ್ದ ರಂಗನಾಥನ್ ಕೊನೆಯ ಕಾಲವನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಹುಟ್ಟುಹಬ್ಬ ಆಗಸ್ಟ್ 12 ಇಂದಿಗೂ ಗ್ರಂಥಪಾಲಕರ ದಿನ.

ಅವರ ಹೆಸರು ನಮ್ಮ ಈ ಸೀಮೆಗೆ ಇನ್ನೊಂದು ಬಗೆಯಲ್ಲೂ ಹೊಂದುತ್ತದೆ. ಸ್ವಾತಂತ್ರ್ಯ ಬಂದ ಮೇಲೆ ದೇಶದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಅವರ ಪ್ರಯತ್ನದಿಂದ 1948ರಲ್ಲಿ ಮದ್ರಾಸಿನಲ್ಲಿ ಬಂತು. ಆಗ ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲವೂ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಘೋರ್ಪಡೆ ಅರಸರ ಸಂಡೂರು ಸಂಸ್ಥಾನ 1949ರಲ್ಲಿ ಅದೇ ಮದ್ರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮೈಸೂರಿಗೆ ಬಂತು. ಹೊಳೆಯಾಚೆಯ ಆನೆಗೊಂದಿ, ಗಂಗಾವತಿ ಹೈದರಾಬಾದಿನಲ್ಲಿದ್ದುದರಿಂದ ಅಲ್ಲಿಗೆ 1955ರ ಹೈದರಾಬಾದ್ ಗ್ರಂಥಾಲಯ ಕಾಯ್ದೆ. ತುಂಗಭದ್ರೆಯ ಎರಡು ದಂಡೆಗೂ ಎರಡು ಕಾನೂನು! ಹಳೆ ಮೈಸೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಿಂದ ಸಾರ್ವಜನಿಕ ಗ್ರಂಥಾಲಯಗಳಿದ್ದವು, ಕಾಯ್ದೆ ಇರಲಿಲ್ಲ. ಎಲ್ಲ ಭಾಗಕ್ಕೂ ಒಂದೇ ಕಾನೂನಾದದ್ದು 1965ರ ಕಾಯ್ದೆಯಿಂದ. ಗ್ರಂಥಾಲಯಕ್ಕಾಗಿ ಕರ ಎತ್ತಬೇಕು, ಆ ಹಣ ಗ್ರಂಥಾಲಯಕ್ಕೇ ಹೋಗಬೇಕು ಎಂಬುದು ಹೀಗೆ ಗಟ್ಟಿಯಾಯಿತು. ದಾನಿಗಳ ಮನಸ್ಸಿನ ಮೇಲೆ ನಿಲ್ಲುವ ವಾಚನಾಲಯ ದಾನಿ ತೀರಿಕೊಂಡರೆ ಮುಚ್ಚುತ್ತದೆ. ಕರದ ಮೇಲೆ ನಿಂತದ್ದನ್ನು ತೆರೆಯಿರಿ ಎಂದು ಕೇಳುವ ಹಕ್ಕು ಕರ ಕೊಟ್ಟವರಿಗೆ ಇರುತ್ತದೆ.

ಇನ್ನು ಬೀರುವಿನೊಳಗೆ ಏನಿರಬೇಕು ಎಂಬ ಪ್ರಶ್ನೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಹುಡುಗರು ಕೇಳಿ ಕೇಳಿ ತರಿಸಿಕೊಳ್ಳುತ್ತಾರೆ, ಅದರ ಚಿಂತೆ ಇಲ್ಲ. ಮಕ್ಕಳಿಗೆ ದೊಡ್ಡ ಅಕ್ಷರದ, ಚಿತ್ರ ತುಂಬಿದ ಪುಸ್ತಕ ಬೇಕು. ಬಂಡಲಿನಲ್ಲಿ ಬಂದ ನೀತಿಕಥೆಗಳಿಂದ ಮಗು ಓದುವುದಕ್ಕೆ ಹತ್ತುವುದಿಲ್ಲ. ಈ ಊರುಗಳಲ್ಲಿ ಮನೆಯೊಳಗೆ ತೆಲುಗು, ಉರ್ದು ಆಡುವವರಿದ್ದಾರೆ, ತಾಂಡಾಗಳಲ್ಲಿ ಲಂಬಾಣಿ ಆಡುವವರಿದ್ದಾರೆ. ಅವರ ಮಕ್ಕಳಿಗೆ ಕನ್ನಡದ ಓದು ಹಗುರಾಗಬೇಕಾದರೆ ಗಟ್ಟಿಯಾಗಿ ಓದಿ ಹೇಳುವ ಒಂದು ದನಿ ದಿನವೂ ಕಿವಿಗೆ ಬೀಳಬೇಕು. ಅದಕ್ಕೇ ಗಟ್ಟಿ ಓದನ್ನು ನಾನು ಕಂಪ್ಯೂಟರಿಗಿಂತ ಮುಂದೆ ಇಡುತ್ತೇನೆ.

ಕಡ್ಡಿರಾಂಪುರಕ್ಕೇ ಬೇಕಾದದ್ದು ಇನ್ನೊಂದಿದೆ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗದ ಪಕ್ಕದಲ್ಲಿ ಬದುಕುವ ಊರು ಇದು. ಇಲ್ಲಿನ ಎಷ್ಟೋ ಮಂದಿ ಗೈಡ್ ಆಗಿ, ಆಟೋ ಓಡಿಸಿ, ಅಂಗಡಿ ಇಟ್ಟು ಪ್ರವಾಸಿಗರನ್ನು ನಂಬಿ ಬಾಳುತ್ತಾರೆ. ಅಷ್ಟಾದರೂ ಹಂಪಿಯ ಬಗ್ಗೆ ಆಗಿರುವ ದೊಡ್ಡ ಕೆಲಸ ಈ ಊರಿನ ಹುಡುಗರ ಕೈಗೆ ಸುಲಭವಾಗಿ ಸಿಗುವುದಿಲ್ಲ. ರಾಬರ್ಟ್ ಸೆವೆಲ್ ವಿಜಯನಗರದ ಚರಿತ್ರೆ ಬರೆದು ಪ್ರಕಟಿಸಿದ್ದು 1900ರಲ್ಲಿ. ಲಾಂಗ್‌ಹರ್ಸ್ಟ್ ಹಂಪಿಯ ಅವಶೇಷಗಳ ಕೈಪಿಡಿ ತಂದದ್ದು 1917ರಲ್ಲಿ. ಇತ್ತೀಚಿನದೆಂದರೆ ಜಾನ್ ಫ್ರಿಟ್ಜ್, ಜಾರ್ಜ್ ಮಿಶೆಲ್ ಜೋಡಿ ದಶಕಗಳ ಕಾಲ ಕಲ್ಲು ಕಲ್ಲನ್ನೂ ಅಳೆದು ನಕ್ಷೆ ಮಾಡಿತು. ಇವೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ ಇಲ್ಲವೆಂದಲ್ಲ. 1991ರಲ್ಲಿ ಹುಟ್ಟಿದ, ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾಗಿ ಕಟ್ಟಿದ ಕನ್ನಡ ವಿಶ್ವವಿದ್ಯಾಲಯ ಇರುವುದು ಇಲ್ಲೇ ಕಮಲಾಪುರದ ಹತ್ತಿರದ ವಿದ್ಯಾರಣ್ಯದಲ್ಲಿ. ಅದರ ಶಾಸನ ಸಂಪುಟಗಳಲ್ಲಿ ಹಂಪಿಯ ಶಾಸನಗಳಿಗೇ ಒಂದು ಸಂಪುಟವಿದೆ, ಹಸ್ತಪ್ರತಿ ವಿಭಾಗದಲ್ಲಿ ಓಲೆಗರಿಯ ಕಟ್ಟುಗಳಿವೆ, ಪ್ರಸಾರಾಂಗ ನೂರಾರು ಪುಸ್ತಕ ಅಚ್ಚು ಹಾಕಿದೆ. ಸಂಶೋಧಕರು ನಾಡಿನ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ. ಸುತ್ತಲಿನ ಹಳ್ಳಿಯ ಹತ್ತನೇ ತರಗತಿಯ ಹುಡುಗಿಗೆ ಮಾತ್ರ ಅದು ಬಸ್ಸಿನ ಕಿಟಕಿಯಿಂದ ಕಾಣುವ ಕಟ್ಟಡ.

ಇದನ್ನು ಸರಿಪಡಿಸುವುದು ಕಷ್ಟದ ಕೆಲಸ ಅಂತ ನನಗೆ ಅನಿಸುವುದಿಲ್ಲ. ವಿಶ್ವವಿದ್ಯಾಲಯದ ಹಂಪಿ, ವಿಜಯನಗರ, ಬಳ್ಳಾರಿ ಸೀಮೆಯ ಪುಸ್ತಕಗಳ ಒಂದೊಂದು ಪ್ರತಿ ಸುತ್ತಲಿನ ಪಂಚಾಯಿತಿಗಳ ಅರಿವು ಕೇಂದ್ರಕ್ಕೆ ಬರಬಹುದು. ತಿಂಗಳಿಗೊಮ್ಮೆ ಒಬ್ಬ ಸಂಶೋಧನಾ ವಿದ್ಯಾರ್ಥಿ ಸಂಜೆ ಬಂದು ತುರ್ತು ಕಾಲುವೆಗೆ ಐನೂರು ವರ್ಷದಿಂದ ನೀರು ಹೇಗೆ ಹರಿಯುತ್ತಿದೆ, ಊರ ಬಳಿಯ ಗೋರಿಗಳು ಯಾವ ಕಾಲದವು ಎಂದು ಹೇಳಬಹುದು. ಕಾಲುವೆ ನೀರಿನಲ್ಲಿ ಬಾಳೆ, ಕಬ್ಬು ಬೆಳೆಯುವ ರೈತರೂ ಆ ಸಂಜೆ ಬಂದಾರು, ವಿದ್ವಾಂಸರಿಗೆ ಗೊತ್ತಿಲ್ಲದ ತೂಬಿನ ಹೆಸರುಗಳನ್ನು ಹೇಳಿಯಾರು. ಅವನ್ನೂ ಬರೆದಿಟ್ಟುಕೊಳ್ಳುವ ಜಾಗ ಗ್ರಂಥಾಲಯವೇ. ಬಜಾರಿನಲ್ಲಿ ಬದುಕಿ ಬಂದ ಕುಟುಂಬಗಳ ಹಿರಿಯರ ನೆನಪು, ಅವರ ಬಳಿಯ ಹಳೆಯ ಫೋಟೋಗಳು ಹೀಗೆ ಒಂದು ಕಡೆ ಸೇರಿದರೆ ಹಂಪಿಯ ಚರಿತ್ರೆಗೆ ಯಾವ ಉತ್ಖನನದಿಂದಲೂ ಸಿಗದ ಒಂದು ಅಧ್ಯಾಯ ಸಿಗುತ್ತದೆ.

ಮೊಬೈಲ್ ಇದ್ದವರಿಗೆ ಇನ್ನೊಂದು ದಾರಿಯೂ ಇದೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯ ತೆರೆದಿದೆ. ಸದಸ್ಯತ್ವ ಉಚಿತ; ಪಠ್ಯಪುಸ್ತಕ, ಕಥೆ ಕಾದಂಬರಿ, ಪರೀಕ್ಷೆಯ ಸಾಮಗ್ರಿ ಸಿಗುತ್ತವೆ. ಹೆಸರು ನೋಂದಾಯಿಸುವುದು ತಿಳಿಯದಿದ್ದರೆ ಅರಿವು ಕೇಂದ್ರದಲ್ಲಿಯೇ ಕೇಳಿ ಮಾಡಿಸಿಕೊಳ್ಳಬಹುದು.

ಮಗುವನ್ನು ಸದಸ್ಯರನ್ನಾಗಿ ಮಾಡಲು ಒಮ್ಮೆ ಜೊತೆಗೆ ಹೋಗಿ ಹೆಸರು ಬರೆಸಿ ಬಂದರೆ ಆಯಿತು. ದೊಡ್ಡವರೂ ಆಗಬಹುದು. ಬೇಕಾದ ಪುಸ್ತಕ ಇಲ್ಲದಿದ್ದರೆ ಹೆಸರು ಬರೆದು ಮೇಲ್ವಿಚಾರಕರಿಗೆ ಕೊಡಿ. ಕೇಂದ್ರ ಹೊತ್ತಿಗೆ ಸರಿಯಾಗಿ ತೆರೆಯುತ್ತಿಲ್ಲವಾದರೆ ಪಿಡಿಓ ಅವರಿಗೆ ಹೇಳಿ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಯಾರಾದರೂ ಒಬ್ಬರು ಎದ್ದು ನಿಂತು, ಈ ವರ್ಷ ಗ್ರಂಥಾಲಯ ಕರ ಎಷ್ಟು ಬಂತು, ಅದರಲ್ಲಿ ಎಷ್ಟು ಪುಸ್ತಕ ತಂದಿರಿ, ಮೇಲ್ವಿಚಾರಕರ ಸಂಬಳ ಯಾವ ತಿಂಗಳವರೆಗೆ ಆಗಿದೆ ಎಂದು ಕೇಳಲಿ.